ಮಣ್ಣಿನ ಒಡಲು, ಬಯಲಿನ ಬೆಂಕಿ

ಮೆಕ್ಸಿಕೋ ದೇಶದಲ್ಲಿ ಅಂಗಳದ ಚಳಿ ಕಳೆಯುವ ಮಣ್ಣಿನ ಅಗ್ಗಿಷ್ಟಿಕೆಯೊಂದುಂಟು. ‘ಚಿಮೆನೆಯಾ’ ಎಂದು ಅದರ ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಹೊಗೆಗೂಡು. ದುಂಡು ಹೊಟ್ಟೆ, ಮುಂದೊಂದು ಬಾಯಿ, ಮೇಲೆ ಕಿರಿದಾದ ಹೊಗೆಕೊಳವೆ. ಬಾಯಿಯಿಂದ ಗಾಳಿ ಒಳಸೇರುತ್ತದೆ, ಬಿಸಿ ಹೊಗೆ ಕೊಳವೆಯಿಂದ ಮೇಲೇರುತ್ತದೆ. ಆದುದರಿಂದ ಎದುರಿಗೆ ಕುಳಿತವರಿಗೆ ಕಣ್ಣುರಿ ಕಡಿಮೆ. ಇಂದು ಅನ್ಯದೇಶಗಳ ಉದ್ಯಾನಗಳಲ್ಲಿಯೂ ಅದು ನೆಲೆಗೊಂಡಿದೆ.

ಆದರೆ ಮಣ್ಣು ಆತುರವನ್ನು ಸಹಿಸದು. ತಳದಲ್ಲಿ ಮರಳು ಹಾಸಿ, ಮೊದಮೊದಲು ಸಣ್ಣ ಕಡ್ಡಿಗಳ ಕಿರುಬೆಂಕಿಯನ್ನೇ ಹೊತ್ತಿಸಿ, ತಾನಾಗಿ ಆರಲು ಬಿಡಬೇಕು. ಹೊಸ ಗಡಿಗೆಯನ್ನು ನಾವು ಪಳಗಿಸುವುದಿಲ್ಲವೇ, ಹಾಗೆ. ಒಮ್ಮೆಲೇ ದೊಡ್ಡ ಉರಿ ಹಾಕಿದರೂ ಕಾದ ಮೈಮೇಲೆ ನೀರು ಸುರಿದರೂ ಅದು ಸೀಳುವ ಭಯವಿದೆ. ಮಳೆಯಲ್ಲಿ ಮುಚ್ಚಿಡಬೇಕು, ನೀರು ಹೀರಿದ ಮಣ್ಣು ಹಿಮಗಟ್ಟುವ ಚಳಿಯಲ್ಲಿ ಬಿರಿಯುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬಯಸುತ್ತೇವೆ. ಇದು ಬಯಲಿಗೆ ತಕ್ಕ ಬೆಂಕಿ. ಚಳಿಯೆಂದು ಮುಚ್ಚಿದ ಕೋಣೆಯಲ್ಲಿ ಇದನ್ನಾಗಲಿ, ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ ಇಟ್ಟುಕೊಂಡು ಮಲಗಬಾರದು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವು ನಿದ್ದೆಯಲ್ಲಿಯೇ ಪ್ರಾಣಾಪಹಾರಿಯಾಗಬಲ್ಲದು. ಹಿರಿಯರು ಇದನ್ನು ಮನೆಮಂದಿಗೆಲ್ಲ ತಿಳಿಯಹೇಳಬೇಕೆಂದು ನಮ್ಮ ಕೋರಿಕೆ.