ಕಾವಲುಗಾರನಿಗೆ ಕೂಲಿ

ಸರಕಾರದ ವೆಚ್ಚವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೊದಲು ಮೂಡುವುದು ಸಂಶಯ. ಆ ಹಣ ರೋಗಿಯ ಔಷಧಕ್ಕಲ್ಲ, ವಿಧವೆಯ ಪಿಂಚಣಿಗಲ್ಲ, ಶಾಸನ ಸಭೆಯ ಸಮಿತಿಯೊಂದರ ಸಿಬ್ಬಂದಿಯ ಸಂಬಳಕ್ಕೆ, ಪ್ರಯಾಣಕ್ಕೆ, ಕಾಗದಪತ್ರಕ್ಕೆ ಎಂದು ತಿಳಿದರಂತೂ ಸಂಶಯ ಸಿಟ್ಟಾಗುತ್ತದೆ. ಅಮೆರಿಕದ ಸಂಸತ್ತಿನಲ್ಲಿ ಮಾಜಿ ಸೈನಿಕರ ವ್ಯವಹಾರಗಳಿಗಾಗಿಯೇ ಇರುವ ಎರಡು ಸಮಿತಿಗಳ ವಿಷಯದಲ್ಲಿ ಈ ಸಿಟ್ಟು ನ್ಯಾಯವೇ ಎಂದು ವಿಚಾರ ಮಾಡಬೇಕೆನಿಸಿತು. ಸೇನೆಯ ಪಿಂಚಣಿಯನ್ನು ನೆಚ್ಚಿಕೊಂಡ ಹಿರಿಯರು ನಮ್ಮ ಎಷ್ಟೋ ಮನೆಗಳಲ್ಲಿ ಇರುವುದರಿಂದ ಇದನ್ನು ದೂರದ ದೇಶದ ಸುದ್ದಿಯೆಂದು ತಳ್ಳಿಹಾಕುವಂತಿಲ್ಲ.

ಅಲ್ಲಿಯ ಕೆಳಮನೆಯ ಸಮಿತಿಯು 1946ರ ಶಾಸನದಿಂದಲೂ, ಸೆನೆಟ್ ಸಮಿತಿಯು 1970ರ ಶಾಸನದಿಂದಲೂ ಹುಟ್ಟಿದವು. ಸೆನೆಟ್‌ನಲ್ಲಿ ಪ್ರತಿಯೊಂದು ಸಮಿತಿಯೂ ತನ್ನ ಎರಡು ವರ್ಷಗಳ ಖರ್ಚಿಗೆ ಎಷ್ಟು ಬೇಕೆಂದು ಗೊತ್ತುವಳಿಯ ಮೂಲಕ ಕೇಳಬೇಕು. ನಿಯಮಗಳ ಸಮಿತಿ ಅದನ್ನು ಪರಿಶೀಲಿಸಿ ಸದನದ ಮುಂದಿಡುತ್ತದೆ. ಒಪ್ಪಿಗೆಯಾದ ಹಣ ಸೆನೆಟ್‌ನ ಸಾದಿಲ್ವಾರು ನಿಧಿಯಿಂದ ಬರುತ್ತದೆ. ಹೊರಗಿನ ತಜ್ಞರಿಗೆ ಎಷ್ಟು, ಸಿಬ್ಬಂದಿಯ ತರಬೇತಿಗೆ ಎಷ್ಟು ಎಂಬ ಮಿತಿಯೂ ಅದರಲ್ಲೇ ಬರೆದಿರುತ್ತದೆ. ಓದಲು ನೀರಸವಾದ ಪತ್ರವಿದು; ಪತ್ರಿಕೆಗಳೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ.

ಆದರೆ ಈ ಸಮಿತಿ ಕಾಯಬೇಕಾದ ಇಲಾಖೆ ಎಷ್ಟು ದೊಡ್ಡದೆಂಬುದನ್ನು ನೋಡಿ. ಮಾಜಿ ಸೈನಿಕರ ಇಲಾಖೆಯ ವಾರ್ಷಿಕ ವೆಚ್ಚ ಇತ್ತೀಚಿನ ವರ್ಷಗಳಲ್ಲಿ 30,000 ಕೋಟಿ ಡಾಲರುಗಳನ್ನು ಮೀರಿದೆ. ಅದರ ಆರೋಗ್ಯ ಸೇವೆಯಲ್ಲಿ ಸುಮಾರು 90 ಲಕ್ಷ ಮಂದಿ ಹೆಸರು ನೋಂದಾಯಿಸಿದ್ದಾರೆ. ಅಂಥ ಇಲಾಖೆಯನ್ನು ಪ್ರಶ್ನಿಸುವ ಸಮಿತಿಗೆ ಸ್ವಂತ ಸಿಬ್ಬಂದಿ ಇಲ್ಲದಿದ್ದರೆ, ಇಲಾಖೆ ತಾನಾಗಿ ತೋರಿಸಿದ್ದನ್ನಷ್ಟೇ ಅದು ನೋಡಬೇಕಾಗುತ್ತದೆ.

ಇಲಾಖೆ ತೋರಿಸುವುದು ಎಂಥದ್ದಿರಬಹುದೆಂಬುದಕ್ಕೆ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಪ್ರಕರಣವೇ ಸಾಕ್ಷಿ. ಅಲ್ಲಿಯ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದ ವೈದ್ಯರೊಬ್ಬರು, ರೋಗಿಗಳು ಕಾಯುವ ಅವಧಿಯನ್ನು ಮರೆಮಾಚಲಾಗುತ್ತಿದೆಯೆಂದು ದೂರಿದರು. ಕೆಳಮನೆಯ ಸಮಿತಿಯ ಸಿಬ್ಬಂದಿ ಆ ಸುಳಿವಿನ ಬೆನ್ನು ಹತ್ತಿದರು. 2014ರ ಏಪ್ರಿಲ್ 9ರ ವಿಚಾರಣೆಯಲ್ಲಿ ಅಧ್ಯಕ್ಷ ಜೆಫ್ ಮಿಲ್ಲರ್ ವಿಷಯವನ್ನು ಬಹಿರಂಗಗೊಳಿಸಿದರು. ಮೇ ತಿಂಗಳಲ್ಲಿ ಸಮಿತಿ ಇಲಾಖೆಯ ಕಾರ್ಯದರ್ಶಿಗೆ ಸಮನ್ಸ್ ಹೊರಡಿಸಿತು. ಅದೇ ಮೇ ಕೊನೆಯಲ್ಲಿ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಕಚೇರಿ ನೀಡಿದ ಮಧ್ಯಂತರ ವರದಿಯ ಅಂಕಿಗಳು ಹೀಗಿದ್ದವು: ಚಿಕಿತ್ಸೆಗಾಗಿ ಕಾಯುತ್ತಿದ್ದ 1,700 ಮಾಜಿ ಸೈನಿಕರ ಹೆಸರು ಅಧಿಕೃತ ಪಟ್ಟಿಯಲ್ಲೇ ಇರಲಿಲ್ಲ. ಮೊದಲ ಭೇಟಿಗೆ ಸರಾಸರಿ 24 ದಿನವೆಂದು ಆಸ್ಪತ್ರೆ ಹೇಳಿಕೊಂಡಿತ್ತು. ಆಯ್ದ 226 ಮಂದಿಯ ದಾಖಲೆ ನೋಡಿದಾಗ ಅದು 115 ದಿನವೆಂದು ತಿಳಿಯಿತು. ಕಾರ್ಯದರ್ಶಿ ಎರಿಕ್ ಶಿನ್‌ಸೆಕಿ ಮೇ 30ರಂದು ರಾಜೀನಾಮೆಯಿತ್ತರು. ಅವರೂ ಯುದ್ಧದಲ್ಲಿ ಗಾಯಗೊಂಡ ಯೋಧರೇ. ಮೇಲಿದ್ದವರು ಸಜ್ಜನರಾಗಿದ್ದರೂ ಕೆಳಗಿನ ಲೆಕ್ಕ ಸುಳ್ಳಾಗಿರಬಹುದು. ವಿಳಂಬವೇ ಸಾವಿಗೆ ಕಾರಣವೆಂದು ಖಚಿತವಾಗಿ ಹೇಳಲಾಗದೆಂದು ಅದೇ ಕಚೇರಿ ಆಗಸ್ಟ್‌ನಲ್ಲಿ ಹೇಳಿತೆಂಬುದನ್ನೂ ನ್ಯಾಯಕ್ಕಾಗಿ ನೆನೆಯಬೇಕು. ಆದರೆ ಕಾದವರು ಕಾದದ್ದು ಸುಳ್ಳಲ್ಲ.

ಇಂಥ ಶೋಧನೆಗೆ ಕಡತ ಓದಬಲ್ಲವರು, ಆಸ್ಪತ್ರೆಯ ವ್ಯವಹಾರ ಅರಿತವರು, ದೂರು ಕೊಟ್ಟವನ ಹೆಸರನ್ನು ಗುಟ್ಟಾಗಿಡಬಲ್ಲವರು ಬೇಕು. ಅವರು ಸಂಬಳವಿಲ್ಲದೆ ದೊರೆಯರು.

ಹಣ ಪೋಲಾಗುವ ಭಯ ನಿರಾಧಾರವೆಂದು ನಾನು ಹೇಳಲಾರೆ. ವರ್ಷಕ್ಕೊಮ್ಮೆ ಮಾಜಿ ಸೈನಿಕರ ಸಂಘಗಳು ಎರಡೂ ಸಮಿತಿಗಳ ಜಂಟಿ ಸಭೆಯ ಮುಂದೆ ಅಹವಾಲು ಸಲ್ಲಿಸುವಾಗ ಹೊಗಳಿಕೆಗೆ ಬರವಿರುವುದಿಲ್ಲ. (ಹೊಗಳಿಕೆಗೆ ಖರ್ಚೂ ಇಲ್ಲ.) ಸಮಿತಿಯ ಹಣ ಪಕ್ಷಗಳ ಜಗಳಕ್ಕೆ ಉರುವಲಾಗುವ ಅಪಾಯವೂ ಉಂಟು. ಅದಕ್ಕೆ ಮದ್ದು, ಎಷ್ಟು ವಿಚಾರಣೆ ನಡೆಯಿತು, ಎಷ್ಟು ಆಸ್ಪತ್ರೆಗಳಿಗೆ ಭೇಟಿಯಾಯಿತು, ಎಷ್ಟು ದೂರುಗಳು ಇತ್ಯರ್ಥವಾದವು ಎಂದು ಕೇಳುವುದು, ಕೊಡಲಿ ಹಾಕುವುದಲ್ಲ. 1995ರಲ್ಲಿ ಕೆಳಮನೆಯ ಸಮಿತಿಗಳ ಸಿಬ್ಬಂದಿಯಲ್ಲಿ ಮೂರನೆಯ ಒಂದು ಭಾಗವನ್ನು ಕಡಿತಗೊಳಿಸಿದಾಗ ಮಿತವ್ಯಯದ ಹೆಸರಿನಲ್ಲಿ ಚಪ್ಪಾಳೆ ಬಿತ್ತು. ಸದಸ್ಯರು ಮತ್ತೊಂದು ಚುನಾವಣೆಗೆ ಹೊರಟುಹೋಗುತ್ತಾರೆ; ಹತ್ತು ವರ್ಷದ ಹಿಂದಿನ ಭರವಸೆಯನ್ನು ನೆನಪಿಟ್ಟುಕೊಳ್ಳುವವರು ಅನುಭವಿ ಸಿಬ್ಬಂದಿ. ವಿಯೆಟ್ನಾಂನಲ್ಲಿ ಸಿಂಪಡಿಸಿದ ಏಜೆಂಟ್ ಆರೆಂಜ್ ವಿಷದ ಬಗೆಗಿನ ಶಾಸನ ಬಂದದ್ದು 1991ರಲ್ಲಿ, ಸಿಂಪಡಣೆ ನಿಂತ ಇಪ್ಪತ್ತು ವರ್ಷಗಳ ಬಳಿಕ. ಸೇನಾ ನೆಲೆಗಳಲ್ಲಿ ಕಸ ಸುಡುತ್ತಿದ್ದ ಹೊಂಡಗಳ ಹೊಗೆಗೆ ಒಡ್ಡಿಕೊಂಡವರಿಗೆ ವಿಶಾಲವಾದ ಪರಿಹಾರದ ಶಾಸನ 2022ರವರೆಗೂ ಬರಲಿಲ್ಲ. ಇಷ್ಟು ದೀರ್ಘ ಹೋರಾಟಕ್ಕೆ ನೆನಪಿನ ಬಲ ಬೇಕು.

ನಮ್ಮ ಸಂಸತ್ತಿನಲ್ಲಿ ಮಾಜಿ ಸೈನಿಕರಿಗೆಂದೇ ಪ್ರತ್ಯೇಕ ಸ್ಥಾಯೀ ಸಮಿತಿಯಿಲ್ಲ. ಅವರ ವಿಷಯ ರಕ್ಷಣಾ ಸಮಿತಿಯ ಪಾಲಿಗೆ ಬರುತ್ತದೆ. ಸಮಾನ ಹುದ್ದೆಗೆ ಸಮಾನ ಪಿಂಚಣಿಯ ಬೇಡಿಕೆಯನ್ನು ಎತ್ತಿಹಿಡಿದದ್ದು ಭಗತ್ ಸಿಂಗ್ ಕೋಶ್ಯಾರಿಯವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ, 2011ರ ಡಿಸೆಂಬರ್‌ನಲ್ಲಿ. ಸರಕಾರ ಅದನ್ನು ಘೋಷಿಸಿದ್ದು 2015ರ ಸೆಪ್ಟೆಂಬರ್ 5ರಂದು. ನಡುವಿನ ಆ ವರ್ಷಗಳಲ್ಲಿ ವರದಿಯ ಬೆನ್ನು ಹತ್ತಿ ತಿಂಗಳು ತಿಂಗಳೂ ಉತ್ತರ ಕೇಳುವ ನಾಲ್ಕು ಮಂದಿ ಪೂರ್ಣಾವಧಿ ಸಿಬ್ಬಂದಿಯನ್ನು ನೇಮಿಸಿದ್ದರೆ ಎಷ್ಟು ಖರ್ಚಾಗುತ್ತಿತ್ತೆಂದು ನಮ್ಮ ಸಂಸದರನ್ನು ಮುಂದಿನ ಸಲ ಕಂಡಾಗ ಕೇಳಬೇಕೆಂದಿದ್ದೇನೆ.