ಲಕ್ವಾ ಆದ ಮೇಲೆ ಮಾವನವರು ಯಾಕೆ ಇಷ್ಟು ನಿಧಾನ?



ಲಕ್ವಾ ಹೊಡೆದು ಚೇತರಿಸಿಕೊಂಡ ಹಿರಿಯರು ನಮ್ಮ ಜಕ್ಕಲಿಯಲ್ಲೂ ಇದ್ದಾರೆ, ನಿಮ್ಮೂರಲ್ಲೂ ಇರುತ್ತಾರೆ. ಕೈಕಾಲು ಬಂದವು, ಮಾತೂ ಬಂತು. ಆದರೆ ಹೆಜ್ಜೆ ಸಣ್ಣ ಸಣ್ಣದು, ಕೇಳಿದ್ದಕ್ಕೆ ಉತ್ತರ ತಡ, ಬಚ್ಚಲು ಮುಟ್ಟುವಷ್ಟರಲ್ಲಿ ಧೋತರ ಒದ್ದೆ. ಆಗ ನಾವು ಅನ್ನುವುದೇನು? ‘ಬೇಕಂತ ಮಾಡ್ತಾರ, ಹಟ ಭಾಳ ಆಗೇತಿ.’ ಅದು ಹಟವಲ್ಲದೆ ಇರಬಹುದು.

ಸ್ಕ್ಯಾನ್ ನೋಡಿ ಡಾಕ್ಟರು ‘ವೈಟ್ ಮ್ಯಾಟರಿನಲ್ಲಿ ಬದಲಾವಣೆ ಇದೆ’ ಅಂದದ್ದನ್ನು ನೀವೂ ಕೇಳಿರಬಹುದು. ಮೆದುಳಿನ ಒಂದು ಭಾಗದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ನರತಂತುಗಳ ಕಟ್ಟೇ ಈ ಬಿಳಿ ಭಾಗ. ಅದಕ್ಕೆ ರಕ್ತ ಒಯ್ಯುವ ನಾಳಗಳು ಬಹಳ ಸಣ್ಣವು, ದೂರದಿಂದ ಬರುವಂಥವು. ನಳ ಬಿಟ್ಟಾಗ ಓಣಿಯ ಕಟ್ಟಕಡೆಯ ಮನೆಗೆ ಎಷ್ಟು ನೀರು ಬರುತ್ತದೆಂದು ನಿಮಗೆ ಹೇಳಬೇಕೇ? ಬಿಳಿ ಭಾಗ ಆ ಕಡೆಯ ಮನೆ.

ವಯಸ್ಸಾದಂತೆ, ಅದರಲ್ಲೂ ಬಿ.ಪಿ. ವರ್ಷಗಟ್ಟಲೆ ಏರಿಯೇ ಇದ್ದರೆ, ನೆಟ್ಟಗಿದ್ದ ರಕ್ತನಾಳ ಉದ್ದವಾಗಿ ಅಂಕುಡೊಂಕಾಗುತ್ತದೆ. ಸಣ್ಣ ನಾಳದ ಗೋಡೆ ದಪ್ಪಗಾಗಿ ಒಳದಾರಿ ಕಿರಿದಾಗುತ್ತದೆ. ಲಕ್ವಾ ಆದವರಲ್ಲಿ ಈ ಡೊಂಕು, ಬಿಳಿ ಭಾಗದ ಕಲೆ ಎರಡೂ ಕೂಡಿಯೇ ಕಾಣುವುದುಂಟು. ಒಂದರಿಂದಲೇ ಇನ್ನೊಂದು ಆಯಿತೆನ್ನಲಾಗದು, ಎರಡರ ಬೇರೂ ಬಿ.ಪಿ.ಯೇ ಇರಬಹುದು. ಲಕ್ವಾ ಒಂದು ಗಳಿಗೆಯಲ್ಲಿ ಹೊಡೆಯುತ್ತದೆ. ಕಲೆಗಳು ಮಾತ್ರ ಸದ್ದಿಲ್ಲದೆ ಮೊದಲಿನಿಂದಲೇ ಬೆಳೆದಿರುತ್ತವೆ. ಅವು ಹೆಚ್ಚಿದಷ್ಟೂ ನಡಿಗೆ, ನೆನಪು ಕುಗ್ಗುತ್ತವೆ, ಮತ್ತೊಮ್ಮೆ ಲಕ್ವಾ ಆಗುವ ಭಯವೂ ಹೆಚ್ಚು.

ಆದ ಕಲೆ ಅಳಿಸುವ ಗುಳಿಗೆ ಇಲ್ಲ. ಹೊಸದು ಬೆಳೆಯದಂತೆ ಬಿ.ಪಿ. ಹತೋಟಿಯಲ್ಲಿಡುವುದೇ ದೊಡ್ಡ ಉಪಾಯ. ‘ಆರಾಮ ಅದಾರ, ಗುಳಿಗಿ ಯಾಕ?’ ಎಂದು ತಾವೇ ನಿಲ್ಲಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಸಪಾಟ ಒಂದು ಚಹಾ ಚಮಚೆಗಿಂತ ಕಡಿಮೆ ಇರಲಿ. ಜೋಳದ ರೊಟ್ಟಿಯಿಂದ ತೊಂದರೆಯಿಲ್ಲ, ಪಕ್ಕದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ನೋಡಿಕೊಳ್ಳಿರಿ. ಶೇಂಗಾ ಹಿಂಡಿಗೆ ಉಪ್ಪು ಅರ್ಧ ಮಾಡಿ ಬೆಳ್ಳುಳ್ಳಿ ಮುಂದೆ ಮಾಡಿದರೆ ರುಚಿಗೇನೂ ಕೊರತೆಯಾಗದು. ತಂಬಾಕು ಬಿಡಿಸಿರಿ. (ಕಷ್ಟ, ಗೊತ್ತು!)

2022ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಜ್ಯ ಸರಕಾರ ಕೂಡಿ ಮೆದುಳಿನ ಆರೋಗ್ಯದ ಕಾರ್ಯಕ್ರಮ ಆರಂಭಿಸಿದವು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಆ ಸೌಲಭ್ಯ ಉಂಟೇ ಎಂದು ವಿಚಾರಿಸಿರಿ. ಬಾಯಿ ಸೊಟ್ಟಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ ಕೂಡ್ರಬೇಡಿರಿ, 108ಕ್ಕೆ ಫೋನ್ ಮಾಡಿರಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ 4½ ತಾಸಿನೊಳಗೆ ಬೀಳಬೇಕು.

ಮನೆಯಲ್ಲಿ ಈಗಾಗಲೇ ಅಂಥವರಿದ್ದರೆ, ಮಾತು ಕೇಳಿದ ಮೇಲೆ ಹತ್ತು ಎಣಿಸುವಷ್ಟು ಕಾಯಿರಿ. ಎರಡು ತಾಸಿಗೊಮ್ಮೆ ನೀವೇ ಬಚ್ಚಲಿಗೆ ಎಬ್ಬಿಸಿರಿ, ರಾತ್ರಿ ಆ ದಾರಿಯಲ್ಲಿ ಸಣ್ಣ ದೀಪ ಹಚ್ಚಿಡಿರಿ.