ಲೆಕ್ಕದ ಪುಟ: ಬಿಪಿಟಿ ಓದಿದವರಿಗೆ ಎಫ್-ಸ್ಕಾಟ್ ಸಾಕಾ?

ವೆಸ್ಟೆರಾಸ್‌ಗೆ ಈಚೆಗೆ ಬಂದ ನಮ್ಮ ಕುಟುಂಬಗಳಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. ಒಬ್ಬರು ಕಂಪನಿ ಕೆಲಸಕ್ಕೆ ಬಂದಿರ್ತಾರೆ, ಜೊತೆಗೆ ಬಂದವರು ಊರಲ್ಲಿ ಬಿಪಿಟಿ ಮುಗಿಸಿ ಆಸ್ಪತ್ರೇಲಿ ಕೆಲಸ ಮಾಡಿದ ಫಿಸಿಯೋಥೆರಪಿಸ್ಟ್. "ಎಫ್-ಸ್ಕಾಟ್ ಸಿಕ್ಕಿದೆ ಸಾರ್, ಮನೇಲೇ ಒಂದು ಟೇಬಲ್ ಹಾಕಿ ಶುರು ಮಾಡ್ಲಾ?" ಅಂತ ಕೇಳ್ತಾರೆ.

ಎಫ್-ಸ್ಕಾಟ್ ಅಂದ್ರೆ ನಿಮ್ಮ ತೆರಿಗೆ ನೀವೇ ಕಟ್ತೀರಿ ಅನ್ನೋದಕ್ಕೆ ಸ್ಕಾಟೆವೆರ್ಕೆಟ್ ಕೊಡೋ ಒಪ್ಪಿಗೆ, ಅಷ್ಟೇ. ನಿಮ್ಮ ವಿದ್ಯೆಯನ್ನ ಅವರು ತೂಗಿ ನೋಡಲ್ಲ. ವೃತ್ತಿಯ ಲೈಸೆನ್ಸ್ ಕೊಡೋದು ಬೇರೆ ಇಲಾಖೆ, ಸೋಶಿಯಾಲ್‌ಸ್ಟೀರೆಲ್ಸೆನ್. ಅದಕ್ಕೆ ಇಲ್ಲಿ ಲೆಗಿಟಿಮೇಷನ್ ಅಂತಾರೆ. ಅದಿಲ್ಲದೆ ಫಿಸಿಯೋಥೆರಪಿಸ್ಟ್ ಅಂತ ಬೋರ್ಡ್ ಹಾಕೋ ಹಾಗಿಲ್ಲ. 2014ಕ್ಕೆ ಮುಂಚೆ ಇದ್ದ ಶೂಕ್‌ಯಿಮ್ನಾಸ್ಟ್ ಅನ್ನೋ ಹಳೇ ಹೆಸರೂ ಅಷ್ಟೇ, ಅದಕ್ಕೂ ಕಾನೂನಿನ ರಕ್ಷಣೆ ಇದೆ.

ಇನ್ನು ನನ್ನ ಕಡೆಯ ಲೆಕ್ಕ. ಲೆಗಿಟಿಮೇಷನ್ ಇದ್ದವರು ಕೊಡೋ ಚಿಕಿತ್ಸೆಗೆ ಮೊಮ್ಸ್ ಇಲ್ಲ. ಇಲ್ಲದವರು ಅದೇ ಬೆನ್ನು ತಿಕ್ಕಿದ್ರೂ ಅದು ಬರೀ ಮಸಾಜ್, 25 ಪರ್ಸೆಂಟ್ ಮೊಮ್ಸ್. ಗಿರಾಕಿ 500 ಕ್ರೋನ ಕೊಟ್ರೆ ಅದರಲ್ಲಿ 100 ಸರ್ಕಾರದ್ದು. 2025ರಿಂದ ವರ್ಷದ ವಹಿವಾಟು 1,20,000 ಕ್ರೋನದ ಒಳಗಿದ್ರೆ ಮೊಮ್ಸ್‌ನಿಂದ ವಿನಾಯಿತಿ ತಗೋಬಹುದು, ನಿಜ. ಆದ್ರೆ ತಿಂಗಳಿಗೆ ಹತ್ತು ಸಾವಿರ ಆಯ್ತು. ಅದೂ ಖರ್ಚು, ತೆರಿಗೆ ಕಳೆಯೋಕೆ ಮುಂಚೆ! ನಾಲ್ಕೂವರೆ ವರ್ಷ ಓದಿದ್ದು ಇದಕ್ಕಾ?

ಹಾಗಾಗಿ ದುಡ್ಡು, ಸಮಯ ಎರಡನ್ನೂ ಮೊದಲು ಭಾಷೆಗೆ ಹಾಕಿ ಅಂತೀನಿ. ಯುರೋಪಿನ ಹೊರಗೆ ಓದಿದವರಿಗೆ ಲೆಗಿಟಿಮೇಷನ್‌ಗೆ ಸ್ವೀಡಿಷ್ ಸಿ-1 ಮಟ್ಟ ಬೇಕು. ಎಸ್‌ಎಫ್‌ಐ ಪುಕ್ಕಟೆ, ಆದ್ರೆ ಅದು ಮೊದಲ ಮೆಟ್ಟಿಲು ಮಾತ್ರ. ಎಸ್‌ಎಫ್‌ಐ ಮುಗೀತು ಅಂತ ನಿಲ್ಲಿಸಿದವರೇ ಜಾಸ್ತಿ, ಅದು ನನಗೆ ಬೇಜಾರು. ಭಾಷೆ ಕಲಿಯೋ ಹೊತ್ತಿನಲ್ಲೇ ಕಾಗದಪತ್ರ ಕೂಡಿಸ್ಕೊಳ್ಳಿ. ಊರಿಗೆ ಹೋದಾಗ ಮಾರ್ಕ್ಸ್ ಕಾರ್ಡ್, ಇಂಟರ್ನ್‌ಶಿಪ್ ಸರ್ಟಿಫಿಕೇಟ್, ನೀವು ಓದಿದ ವರ್ಷದ್ದೇ ಸಿಲಬಸ್ ಗಂಟೆಗಳ ಲೆಕ್ಕದ ಸಮೇತ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದವರು ಕಾಲೇಜಿನಿಂದಲೂ ಸೀಲು ಹಾಕಿಸ್ಕೊಂಡು ಬನ್ನಿ. ನಮ್ಮ ದೇಶದಲ್ಲೂ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಫಿಸಿಯೋಥೆರಪಿಯನ್ನ ಒಳಗೆ ತಗೊಂಡಿದೆ, ಅಲ್ಲಿನ ನೋಂದಣಿ ವಿಚಾರವನ್ನೂ ಆಗಲೇ ವಿಚಾರಿಸಿ.

ಮತ್ತೆ ಮೊದಲಿಂದ ಓದೋ ಧೈರ್ಯ ಇದ್ರೆ ನಮ್ಮೂರಲ್ಲೇ ದಾರಿ ಇದೆ. ಮೇಲಾರ್‌ದಾಲೆನ್ ವಿಶ್ವವಿದ್ಯಾಲಯ ವೆಸ್ಟೆರಾಸ್‌ನಲ್ಲೇ ಮೂರು ವರ್ಷದ ಫಿಸಿಯೋಥೆರಪಿ ಕೋರ್ಸ್ ನಡೆಸುತ್ತೆ, ಪಾಠ ಸ್ವೀಡಿಷ್‌ನಲ್ಲಿ. ಕುಟುಂಬದ ಪರ್ಮಿಟ್ ಮೇಲೆ ಇರೋರಿಗೆ ಶುಲ್ಕ ಇಲ್ಲ.

ಅಲ್ಲಿವರೆಗೆ ಮನೆ ನಡೀಬೇಕಲ್ಲ ಅಂತೀರಾ? ವೃದ್ಧರ ಆರೈಕೆಯಲ್ಲಿ ವೋರ್ಡ್‌ಬಿಟ್ರೇದೆ ಕೆಲಸ ನೋಡಿ, ಭಾಷೆಯೂ ಬರುತ್ತೆ. ಉಂಡರ್‌ಶೋಟೆರ್ಸ್ಕಾ ಅಂತ ಮಾತ್ರ ಬರ್ಕೋಬೇಡಿ. 2023ರ ಜುಲೈಯಿಂದ ಆ ಹೆಸರಿಗೂ ಸೋಶಿಯಾಲ್‌ಸ್ಟೀರೆಲ್ಸೆನ್ ಸರ್ಟಿಫಿಕೇಟ್ ಬೇಕು.